ಟೆಂಟಿನ ಪರದೆಯೊಳಗೂ ನುಸುಳುವ ನೊರಜುಗಳಿಗೆ ಏನು ಉಪಾಯ?

ಪ್ರಶ್ನೆ:
ನದಿಯ ದಂಡೆಯಲ್ಲಿ ಟೆಂಟ್ ಹಾಕಿದಾಗ ಸೊಳ್ಳೆಗಳನ್ನು ಪರದೆ ತಡೆಯುತ್ತದೆ. ಆದರೆ ಮುಸ್ಸಂಜೆಯಾಗುತ್ತಿದ್ದಂತೆ ಸಾಸಿವೆಯಷ್ಟು ಚಿಕ್ಕ ನೊರಜುಗಳು ಅದೇ ಪರದೆಯ ಕಣ್ಣುಗಳಿಂದ ಒಳಬಂದು ಮಣಿಕಟ್ಟು, ಕಿವಿಯ ಹಿಂಭಾಗವನ್ನೆಲ್ಲ ಕಚ್ಚುತ್ತವೆ. ಒಳಗೆ ಸೊಳ್ಳೆಬತ್ತಿ ಹಚ್ಚಬಹುದೇ?

ಉತ್ತರ 1:
ಖಂಡಿತ ಬೇಡ. ಟೆಂಟಿನ ಬಟ್ಟೆಗೆ ಬೆಂಕಿ ತಗಲುವ ಅಪಾಯ ಒಂದೆಡೆಯಾದರೆ, ಮುಚ್ಚಿದ ಜಾಗದಲ್ಲಿ ರಾತ್ರಿಯಿಡೀ ಆ ಹೊಗೆಯನ್ನು ಉಸಿರಾಡುವುದು ಇನ್ನೊಂದೆಡೆ. ಕಚ್ಚುವ ನೊರಜುಗಳು 1ರಿಂದ 3 ಮಿಲಿಮೀಟರ್ ಉದ್ದವಿರುವುದರಿಂದ ಇನ್ನೂ ಒತ್ತಾದ ನೇಯ್ಗೆಯ ಪರದೆಯೇ ಬೇಕು. ಅದರಲ್ಲಿ ಗಾಳಿಯಾಟ ಕಡಿಮೆ, ಸೆಕೆಯನ್ನು ಸಹಿಸಿಕೊಳ್ಳಬೇಕಷ್ಟೆ.

ಉತ್ತರ 2:
ನನ್ನ ದೃಷ್ಟಿಯಲ್ಲಿ ಪರದೆಗಿಂತ ಜಾಗದ ಆಯ್ಕೆ ಮುಖ್ಯ. ಇವು ದುರ್ಬಲವಾಗಿ ಹಾರುವ ಕೀಟಗಳಾದ್ದರಿಂದ ನೀರಿನಂಚು, ಪೊದೆ ಮತ್ತು ತಗ್ಗುಗಳನ್ನು ಬಿಟ್ಟು ಗಾಳಿ ಬೀಸುವ ದಿಬ್ಬದ ಮೇಲೆ ತಂಗಿದರೆ ಅರ್ಧ ತೊಂದರೆ ತಪ್ಪುತ್ತದೆ. ಕ್ಯಾರವಾನ್‌ನಲ್ಲಾದರೆ ಬಾಗಿಲ ಬಳಿ ಸಣ್ಣ ಫ್ಯಾನ್ ಇಟ್ಟರೂ ಪ್ರಯೋಜನವಿದೆ.

ಉತ್ತರ 3:
ಚರ್ಮಕ್ಕೆ ಕೀಟಗಳನ್ನು ದೂರವಿಡುವ ಲೇಪನವನ್ನು ಬಳಸಬಹುದು; ಅದರಲ್ಲಿ ಶೇ. 20ರಿಂದ 30ರಷ್ಟು ಡೀಟ್ ಅಥವಾ ಶೇ. 20ರಷ್ಟು ಪಿಕಾರಿಡಿನ್ ಎಂಬ ರಾಸಾಯನಿಕ ಇರಲಿ. ಡೀಟ್ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ. ಹಚ್ಚಿದ ಕೈಯಲ್ಲೇ ಕನ್ನಡಕ ಹಿಡಿದರೆ ಅದರ ಚೌಕಟ್ಟು ಮಂಕಾಗಿ ಅಂಟಂಟಾಗಬಹುದು. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಅದು ಮೊದಲು, ಈ ಲೇಪನ ಆಮೇಲೆ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವುದು ಬಟ್ಟೆಬರೆಗೆ ಮಾತ್ರ, ಮೈಗಲ್ಲ; ಜೊತೆಯಲ್ಲಿ ಬೆಕ್ಕು ಇದ್ದರೆ ಅದನ್ನು ಸಿಂಪಡಿಸಿದ ಹಸಿ ಬಟ್ಟೆಯಿಂದ ದೂರವಿಡಿ, ಏಕೆಂದರೆ ಬೆಕ್ಕುಗಳಿಗೆ ಅದು ವಿಷ.