ಊಟ ತಂದವರು ಮನೆ ಬಾಗಿಲಿಗೆ ಬರಬೇಕೇ: ದಾವಣಗೆರೆಯ ನಮ್ಮ ಕಟ್ಟಡದ ಅನುಭವ

ತಮ್ಮ ಅಪಾರ್ಟ್‌ಮೆಂಟಿನ ಸಂಘದವರು ಊಟದ ಡೆಲಿವರಿ ಹುಡುಗರನ್ನು ಗೇಟಿನಲ್ಲೇ ತಡೆಯಲು ಹೊರಟಿದ್ದಾರೆ, ಬೇರೆ ಕಡೆ ಹೇಗಿದೆ ಎಂದು ಚಿತ್ರದುರ್ಗದ ಸಹೋದರಿಯೊಬ್ಬರು ಕೇಳಿದ್ದಾರೆ. ದಾವಣಗೆರೆಯ ಹದಡಿ ರಸ್ತೆಯ ಕಡೆ ಇರುವ ನಮ್ಮ ಐದು ಮಹಡಿಯ ಕಟ್ಟಡದಲ್ಲಿ ಎರಡೂ ಪದ್ಧತಿಗಳನ್ನು ನೋಡಿದವನಾದ್ದರಿಂದ ಉತ್ತರಿಸುತ್ತಿದ್ದೇನೆ.

ನಮ್ಮಲ್ಲಿ ಮೊದಲು ಇದ್ದದ್ದು ಅರ್ಧಂಬರ್ಧ ನಿಯಮ. ಹುಡುಗರು ಒಳಗೆ ಬರಬಹುದು, ಆದರೆ ಲಿಫ್ಟ್ ಹತ್ತುವಂತಿಲ್ಲ ಎಂದು ಫಲಕ ಹಾಕಿದ್ದೆವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಬಾಗಿಲು ತೆರೆದಾಗ, ನಾಲ್ಕನೆಯ ಮಹಡಿಯ ಮೆಟ್ಟಿಲ ಮೇಲೆ ಹೆಲ್ಮೆಟ್ ತೆಗೆಯದೆಯೇ ಗೋಡೆಗೆ ಒರಗಿ ನಿಂತಿದ್ದ ಹುಡುಗನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೈಯಲ್ಲಿ ನಮ್ಮ ಬೆಣ್ಣೆದೋಸೆಯ ಕವರು, ಜೇಬಿನಲ್ಲಿ ಬಿಡದೆ ಬಡಿಯುತ್ತಿದ್ದ ಫೋನು. ನೀರು ಕೊಟ್ಟು ವಿಚಾರಿಸಿದಾಗ, ಗಾಡಿಯ ಬ್ಯಾಗಿನಲ್ಲಿ ಇನ್ನೊಂದು ಮನೆಯ ಊಟವಿದೆ, ಅವರೇ ಕರೆ ಮಾಡುತ್ತಿದ್ದಾರೆ ಎಂದು ಹೇಳಿದ. ಇವರಿಗೆ ದುಡ್ಡು ಸಿಗುವುದು ಆರ್ಡರಿನ ಲೆಕ್ಕದಲ್ಲಿಯೇ ಹೊರತು ಗಂಟೆಯ ಲೆಕ್ಕದಲ್ಲಲ್ಲ. ಹಾಗಾಗಿ ನಮ್ಮ ಮೆಟ್ಟಿಲುಗಳಲ್ಲಿ ಕಳೆಯುವ ಹೊತ್ತು ಅವರ ಸಂಪಾದನೆಯಿಂದಲೇ ಹೋಗುತ್ತದೆ.

ಅದಾದ ಮೇಲೆ ಕೆಲವು ತಿಂಗಳು ಗೇಟಿನಲ್ಲೇ ತಡೆದೆವು. ಇದರಿಂದ ಹುಡುಗರಿಗೆ ಅನುಕೂಲವಾಗಲಿಲ್ಲ, ಏಕೆಂದರೆ ಕೆಳಗಿಳಿಯಲು ನಮ್ಮವರೇ ತಡಮಾಡುತ್ತಿದ್ದರು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದ ಮೂರನೆಯ ಮಹಡಿಯ ಅಜ್ಜಿಯೊಬ್ಬರು ಪ್ರತಿ ಸಲವೂ ವಾಚ್‌ಮನ್ ಬಿಡುವಾಗುವವರೆಗೆ ಕಾಯಬೇಕಾಗುತ್ತಿತ್ತು. ಬೆಣ್ಣೆದೋಸೆಯಂತೂ ಹತ್ತು ನಿಮಿಷ ಕವರಿನಲ್ಲಿ ಬೆವತರೆ ಗರಿಗರಿ ಹೋಗಿ ಮೆತ್ತಗಾಗಿಬಿಡುತ್ತದೆ.

ಡೆಲಿವರಿ ಶುಲ್ಕ ಕೊಟ್ಟಿದ್ದೇವೆ, ಬಾಗಿಲಿಗೇ ತರಲಿ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಅದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಬಾಗಿಲಿಗೆ ಬೇಕೆನ್ನುವವರು ಹುಡುಗರನ್ನು ಲಿಫ್ಟ್ ಹತ್ತಲೂ ಬಿಡಬೇಕು. ಬಿಡುವುದಿಲ್ಲವೆಂದಾದರೆ ತಾವೇ ಇಳಿದು ಬರಬೇಕು. ಹುಡುಗರ ಯೋಗಕ್ಷೇಮ ಡೆಲಿವರಿ ಕಂಪನಿಯ ಹೊಣೆ ಎಂಬ ಮಾತು ನಮ್ಮ ಸಭೆಯಲ್ಲೂ ಬಂದಿತ್ತು. ಹೀಗೆ ಆ್ಯಪ್‌ಗಳ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ತಂದ ಕಾಯ್ದೆಯು ಕಾರ್ಮಿಕರಿಗೆ ಸಿಗುವ ಪಾವತಿಯ ಶೇ. 1ರಿಂದ 5ರಷ್ಟನ್ನು ಕ್ಷೇಮ ಶುಲ್ಕವಾಗಿ ಕಂಪನಿಗಳಿಂದ ಪಡೆಯಲು ಅವಕಾಶ ಕಲ್ಪಿಸಿದೆ, ನಿಜ. ಆದರೆ ಲಿಫ್ಟಿನ ಮುಂದೆ ಫಲಕ ಹಾಕಿದವರು ನಾವು.

ಈಗ ಆ ಫಲಕವನ್ನು ತೆಗೆದಿದ್ದೇವೆ. ವಾಚ್‌ಮನ್ ಮನೆ ಸಂಖ್ಯೆ ಬರೆದುಕೊಂಡು, ಮನೆಯವರಿಗೆ ಫೋನು ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಹುಡುಗರನ್ನು ಲಿಫ್ಟಿನಲ್ಲಿ ಕಳುಹಿಸುತ್ತಾನೆ. ಭದ್ರತೆಯ ಬಗ್ಗೆ ಚಿಂತಿಸಿದವರಿಗೂ ಇದು ಒಪ್ಪಿಗೆಯಾಯಿತು. ಲಿಫ್ಟ್ ಕೆಟ್ಟ ದಿನ ಅಥವಾ ಕರೆಂಟ್ ಹೋದಾಗ, ನಡೆಯಬಲ್ಲವರು ಇಳಿದು ಬಂದು ತೆಗೆದುಕೊಳ್ಳುತ್ತಾರೆ, ಅಜ್ಜಿಯ ಊಟವನ್ನು ಪಕ್ಕದ ಮನೆಯವರು ತಲುಪಿಸುತ್ತಾರೆ.

ಸಹೋದರಿ, ನಿಮ್ಮ ಸಂಘದ ಸಭೆಯಲ್ಲಿ ಗೇಟಿನ ಮಾತಿಗಿಂತ ಮೊದಲು ಲಿಫ್ಟಿನ ಮಾತು ಎತ್ತಿ.