ಗರ್ಭಪಾತ: ಆದದ್ದೋ, ಮಾಡಿಸಿದ್ದೋ?

ಬಳಗದವರಿಗೆ ನಮಸ್ಕಾರ.

ವಿರಾಜಪೇಟೆ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಚರ್ಚಿನ ಕರಪತ್ರಗಳ ಕನ್ನಡ ತಿದ್ದೋದು ನನ್ನ ಪಾಲಿನ ಕೆಲಸ. ಹೋದ ಸಲದ್ದರ ತಲೆಬರಹ 'ಗರ್ಭಪಾತ ಮಹಾಪಾಪ' ಅಂತಿತ್ತು. ಕಾಗುಣಿತ ಸರಿ ಇತ್ತು, ಹಾಗೇ ಬಿಟ್ಟೆ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಒಬ್ಬಾಕೆ ಬಂದು ನಿಂತಳು. ಕಾಫಿ ಕೊಯ್ಲಿನ ಸಮಯ, ಉಗುರಿನ ಸಂದಿಯೆಲ್ಲ ಕಪ್ಪು. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಿಂದ ಆಸ್ಪತ್ರೆಯ ಚೀಟಿ ತೆಗೆದಳು. ಜೊತೆಗೆ ನಮ್ಮ ಕರಪತ್ರ, ನಾಲ್ಕು ಮಡಿಕೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಸ್ಪಾಂಟೇನಿಯಸ್ ಅಬಾರ್ಷನ್' ಅಂತ ಗೀಚಿತ್ತು. ಮೂರನೇ ತಿಂಗಳಲ್ಲಿ ಬಸಿರು ತಾನಾಗೇ ಹೋಗಿತ್ತು. ಏಳನೇ ಕ್ಲಾಸಿನ ಮಗ ಎರಡನ್ನೂ ಓದಿ ಹೇಳಿದ್ದಾನೆ.

"ಟೀಚರಕ್ಕ, ಎರಡೂ ಒಂದೇ ಅಂತೆ. ನಂದೂ ಪಾಪನಾ?"

ಅಲ್ಲ ಕಣಮ್ಮ ಅಂದೆ. ನಂಬಿದಳೋ ಇಲ್ಲವೋ. ಅಚ್ಚಾದ ಅಕ್ಷರದ ಮುಂದೆ ನನ್ನ ಬಾಯಿಮಾತು ಎಷ್ಟರದ್ದು!

ಮಗ ಓದಿದ್ದರಲ್ಲಿ ತಪ್ಪಿಲ್ಲ. ಡಾಕ್ಟರುಗಳ ಭಾಷೆಯಲ್ಲಿ ತಾನಾಗಿ ಹೋದರೂ ಅಬಾರ್ಷನ್, ತೆಗೆಸಿದರೂ ಅಬಾರ್ಷನ್. ನಮ್ಮ 'ಗರ್ಭಪಾತ'ವೂ ಹಾಗೇ ಆಗಿಬಿಟ್ಟಿದೆ. ಪಾತ ಅಂದರೆ ಬೀಳುವುದು. ಅಬ್ಬಿ ಜಲಪಾತದಲ್ಲಿ ನೀರನ್ನು ಯಾರೂ ತಳ್ಳುವುದಿಲ್ಲ. (ಅಬ್ಬಿ ಅಂದರೇ ಜಲಪಾತ, ಆ ಜಗಳ ಇನ್ನೊಂದು ದಿನ.) ಆಯುರ್ವೇದದಲ್ಲಿ ನಾಲ್ಕು ತಿಂಗಳೊಳಗೆ ಹೋದರೆ ಗರ್ಭಸ್ರಾವ, ಐದು-ಆರನೇ ತಿಂಗಳಲ್ಲಾದರೆ ಗರ್ಭಪಾತ. ಅಲ್ಲಿ ಲೆಕ್ಕ ತಿಂಗಳಿನದು, ತಪ್ಪಿನದಲ್ಲ. ಹಾಗಂತ ಪಾತ ಎಲ್ಲ ಕಡೆ ತಾನಾಗೇ ಬೀಳುತ್ತದೆ ಅನ್ನೋ ಹಾಗಿಲ್ಲ, 'ರಕ್ತಪಾತ' ಇದೆಯಲ್ಲ.

ಮಾತಿನಲ್ಲಿ ಕನ್ನಡಕ್ಕೆ ತೊಂದರೆಯೇ ಇಲ್ಲ. ಗರ್ಭಪಾತ 'ಆಯಿತು', ಗರ್ಭಪಾತ 'ಮಾಡಿಸಿದರು'. ಬಸಿರು 'ಹೋಯಿತು', 'ನಿಲ್ಲಲಿಲ್ಲ', 'ತೆಗೆಸಿದರು'. ಕ್ರಿಯಾಪದವೇ ಎಲ್ಲ ಹೇಳುತ್ತದೆ. ತಲೆಬರಹದಲ್ಲಿ ಕ್ರಿಯಾಪದ ಬಿದ್ದುಹೋದ ಕೂಡಲೇ ಇಬ್ಬರು ಹೆಂಗಸರು ಒಂದೇ ಕಟಕಟೆಯಲ್ಲಿ ನಿಲ್ಲುತ್ತಾರೆ. ನಮ್ಮ ಲೈನ್ ಮನೆಗಳಲ್ಲಿ ಕೇಳಿಬರುವ ಮಲಯಾಳದಲ್ಲಿ ತಾನಾಗಿ ಹೋದರೆ ಗರ್ಭಂ 'ಅಲಸಿತು', ತೆಗೆಸಿದರೆ 'ಗರ್ಭಚ್ಛಿದ್ರಂ'. ತಮಿಳಿನಲ್ಲಿ ಒಂದು 'ಕರುಚ್ಚಿದೈವು', ಇನ್ನೊಂದು 'ಕರುಕ್ಕಲೈಪ್ಪು'. ಹೆಸರುಪದಗಳೇ ಬೇರೆ. ನಮಗೆ ಯಾಕಿಲ್ಲ?

'ಭ್ರೂಣಹತ್ಯೆ' ಅಂತ ಹಾಕಿ ಎಂದರು ಒಬ್ಬರು. ಆ ಪದ ಕಿವಿಗೆ ಬಿದ್ದರೆ ಮುಂದೆ 'ಹೆಣ್ಣು' ತಾನಾಗೇ ಸೇರಿಕೊಳ್ಳುತ್ತದೆ, ಸ್ಕ್ಯಾನಿಂಗ್ ಸೆಂಟರಿನ ಬೋರ್ಡು, 1994ರ ಲಿಂಗಪತ್ತೆ ತಡೆ ಕಾಯ್ದೆ ನೆನಪಾಗುತ್ತದೆ. ಅದೂ ಅಲ್ಲದೆ ಹೆಂಗಸರ ಮುಂದೆ ಹಿಡಿಯುವ ಕಾಗದದಲ್ಲಿ ಮೊದಲ ಪದವೇ ಹತ್ಯೆ ಅಂದರೆ ಮುಂದಕ್ಕೆ ಯಾರು ಓದುತ್ತಾರೆ? ಗರ್ಭಪಾತಕ್ಕೆ ಸಂಬಂಧಿಸಿದ 1971ರ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಅಬಾರ್ಷನ್ ಅನ್ನೋ ಮಾತೇ ಇಲ್ಲ, ಬಸಿರನ್ನು 'ಕೊನೆಗೊಳಿಸುವುದು' ಅಂತಿದೆ. ಅದು ನಮ್ಮ ಕರಪತ್ರಕ್ಕೆ ತೀರಾ ತಣ್ಣಗಾಯಿತು.

ನಾನು ಧರ್ಮಸಭೆಯ ನಿಲುವನ್ನು ಅಲ್ಲಾಡಿಸಲು ಹೊರಟಿಲ್ಲ. ಒಡಲಲ್ಲಿ ಮೂಡಿದ ಗಳಿಗೆಯಿಂದ ಅದು ಮನುಷ್ಯ ಜೀವ, ಬೇಕೆಂದೇ ತೆಗೆಸುವುದು ದೊಡ್ಡ ತಪ್ಪು. ನನ್ನ ನಂಬಿಕೆಯೂ ಅದೇ. ಆದರೆ ಆ 'ಬೇಕೆಂದೇ' ನಮ್ಮ ಕನ್ನಡದಲ್ಲಿ ಕಳೆದುಹೋಗಿದೆ. ಪೋಪ್ ಎರಡನೇ ಜಾನ್ ಪಾಲ್ 1995ರಲ್ಲಿ ಬರೆದ ಪತ್ರದಲ್ಲಿ ಅದು ಬಿಡಿಸಿ ಹೇಳಿದೆ. ತಾಯಿಯೊಬ್ಬಳದ್ದೇ ತಪ್ಪಲ್ಲ, ಒತ್ತಾಯ ಮಾಡುವ ಗಂಡಸಿನದೂ ಪಾಲಿದೆ ಅಂತಲೂ ಇದೆ. ಅಲ್ಲಿಗೆ, ಇನ್ನೊಬ್ಬರಿಂದ ಮಾಡಿಸಿದ್ದನ್ನು ಹೇಳುವ ನಮ್ಮ 'ಇಸು' ಪ್ರತ್ಯಯದ ಮೇಲೆ ನನಗೆ ಅನುಮಾನ ಜಾಸ್ತಿಯಾಯಿತು. 'ತೆಗೆಸಿದಳು' ಅಂತೀವಿ. ಆಟೋ ಹತ್ತಿಸಿ ಕರೆದುಕೊಂಡು ಹೋದವರು ಯಾರು, ದುಡ್ಡು ಕೊಟ್ಟವರು ಯಾರು, 'ಈ ಸಲ ಬೇಡ' ಅಂದ ಅತ್ತೆ ಯಾರು? ಪದದೊಳಗೆ ಇರೋದು ಅವಳೊಬ್ಬಳೇ.

ಇನ್ನೊಂದು ತೊಡಕು. ಹೊಸ ಕರಪತ್ರಕ್ಕೆ ಹುಡುಗನೊಬ್ಬ 'ದುರ್ಬಲರ ಕಡೆಗೆ ಕ್ರೈಸ್ತರ ಕರ್ತವ್ಯ' ಅಂತ ಬರೆದು ತಂದಿದ್ದಾನೆ. ಬೆಳಿಗ್ಗೆಯಿಂದ ಕಾಫಿ ಕುಯ್ದು, ಸಂಜೆ ಮೂಟೆ ಹೊತ್ತು ತಂದು ತೂಕಕ್ಕೆ ಇಡುವವಳು ದುರ್ಬಲಳೇ? 'ಅಸಹಾಯಕರು' ಸುಮ್ನೆ ಪತ್ರಿಕೆ ಭಾಷೆ. 'ಕೈಲಾಗದವರು' ಬೈಗುಳ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಯಾಕೋಬನ ಪತ್ರ, 1ನೇ ಅಧ್ಯಾಯ, 27ನೇ ವಚನದಲ್ಲಿ 'ದಿಕ್ಕಿಲ್ಲದ ಮಕ್ಕಳು' ಇದ್ದಾರೆ. ಆ 'ದಿಕ್ಕಿಲ್ಲದವರು' ನನಗೆ ಹಿಡಿಸಿತು. ಹೊಟ್ಟೆಯೊಳಗಿನ ಕೂಸಿಗೆ ತಾಯಿ ದಿಕ್ಕು. ತಾಯಿಗೇ ದಿಕ್ಕಿಲ್ಲದಾಗ ತಾನೇ ಕಥೆ ಶುರುವಾಗೋದು?

ಅದೇ ವಚನದಲ್ಲಿ 'ಪರಾಮರಿಸು' ಅಂತಿದೆ. ಈಗಿನವರು 'ಪರಾಮರ್ಶಿಸು' ಅಂತ ಓದಿ ಮೀಟಿಂಗ್ ಕರೆಯುತ್ತಾರೆ! ಗ್ರೀಕ್ ಮೂಲದ ಮಾತಿಗೆ ಹೋಗಿ ನೋಡುವುದು ಅನ್ನೋ ಅರ್ಥ ಇದೆ. ನಮ್ಮಲ್ಲಿ 'ವಿಚಾರಿಸಿಕೊಳ್ಳೋದು' ಅಂತೀವಲ್ಲ, ಅದೇ ಅಲ್ವಾ? ಉಂಡೆಯಾ, ರಕ್ತ ನಿಂತಿತಾ, ಕೆಲಸಕ್ಕೆ ರಜೆ ಕೊಟ್ಟರಾ ಅಂತ ಬಾಗಿಲಿಗೆ ಹೋಗಿ ಕೇಳೋದು. 'ಕರ್ತವ್ಯ' ಹೊಡೆದು ಅದನ್ನು ಹಾಕಿದ್ದೇನೆ.

ಈಗ ನನ್ನ ಪ್ರಶ್ನೆ. ತಾನಾಗಿ ಹೋದದ್ದಕ್ಕೆ 'ಗರ್ಭನಷ್ಟ' ಅಂದರೆ ಅಂಗಡಿ ಲೆಕ್ಕದ ವಾಸನೆ ಬರುತ್ತದೆಯೇ? 'ಬಸಿರಳಿವು' ಹೇಗೆ? ತೆಗೆಸುವುದಕ್ಕೆ 'ಬಸಿರು ತೆಗೆಸುವಿಕೆ' ಉದ್ದವಾಯಿತು, ಆದರೂ ಸುಳ್ಳು ಹೇಳುವುದಿಲ್ಲ. ಕೊಡವ ತಕ್ಕ್, ಅರೆಭಾಷೆ ಮನೆಮಾತಿನವರು ನಿಮ್ಮ ಅಜ್ಜಿಯರು ಎರಡಕ್ಕೂ ಏನನ್ನುತ್ತಿದ್ದರು ಬರೆಯಿರಿ. ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಅಲ್ಲಿಯವರೆಗೆ ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.