ಕೆಲಸದವರಿಗೆ ಮೆಚ್ಚುಗೆ ತೋರಿಸುವುದು ಹೇಗೆ? ನಮ್ಮ ಕಾಸರಗೋಡಿನವರ ಅನುಭವ

ಕೇಳಿದವರು (ಕುಂಬಳೆ, ಬಟ್ಟೆ ಅಂಗಡಿ):

ನಮ್ಮದು ಕುಂಬಳೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಹತ್ತು ಹನ್ನೆರಡು ಜನ ಕೆಲಸಕ್ಕಿದ್ದಾರೆ, ಜಾಸ್ತಿ ಹೆಂಗಸರೇ. ತುಳು, ಮಲಯಾಳ, ಕನ್ನಡ, ಬ್ಯಾರಿ ಎಲ್ಲ ಮಾತಾಡುವವರೂ ಇದ್ದಾರೆ. ಸಂಬಳ ತಡ ಮಾಡುವುದಿಲ್ಲ. ಓಣಂ ಸಮಯಕ್ಕೆ ಬೋನಸ್ಸೂ ಉಂಟು. ಆದರೂ ಇಬ್ಬರು ಹಳಬರು ಬಿಟ್ಟು ಮಂಗಳೂರಿನ ಕಡೆ ಹೋದರು. "ಇಲ್ಲಿ ಎಷ್ಟು ಮಾಡಿದರೂ ಯಾರಿಗೂ ಕಾಣುವುದಿಲ್ಲ" ಅಂದರಂತೆ. ನಮಗೆ ಅವರ ಕೆಲಸದ ಮೇಲೆ ನಿಜವಾಗಿ ಗೌರವ ಇದೆ. ಅದನ್ನು ತೋರಿಸುವುದು ಹೇಗೆ? ದೊಡ್ಡ ಖರ್ಚು ನಮ್ಮ ಕೈಲಾಗದು. ಕೆಲಸ ಮಾಡಿದವರು, ಮಾಡಿಸಿದವರು ಇಬ್ಬರೂ ಹೇಳಿ.

ಉಪ್ಪಳದಿಂದ, ಬಟ್ಟೆ ಅಂಗಡಿಯಲ್ಲಿ ಬಹಳ ವರ್ಷ ಸೇಲ್ಸ್‌ನಲ್ಲಿದ್ದವಳು:

ಮೊದಲು ಒಂದು ಪ್ರಶ್ನೆ. ನಿಮ್ಮ ಅಂಗಡಿಯಲ್ಲಿ ಅವರು ಕೂತುಕೊಳ್ಳುತ್ತಾರಾ?

ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ಸಂಜೆವರೆಗೆ ನಿಂತೇ ಇರುವುದು ಅಂದರೆ ಏನು ಅಂತ ನಿಂತವರಿಗೇ ಗೊತ್ತು. ಕಾಲು ಊದುತ್ತದೆ, ಸೊಂಟ ಹಿಡಿಯುತ್ತದೆ. ಕೋಝಿಕ್ಕೋಡಿನಲ್ಲಿ ಪಿ. ವಿಜಿಯವರ ಮುಂದಾಳತ್ವದಲ್ಲಿ ಅಂಗಡಿಯ ಹೆಂಗಸರು ಇದಕ್ಕಾಗಿಯೇ ಹೋರಾಡಿದರು. ಹಾಗಾಗಿ 2018ರಲ್ಲಿ ಕೇರಳ ಅಂಗಡಿ ಕಾನೂನಿಗೆ ತಿದ್ದುಪಡಿ ತಂದಿತು. ಕೆಲಸದ ನಡುವೆ ಕೂತುಕೊಳ್ಳಲು ಆಸನ ಕೊಡಲೇಬೇಕು ಅಂತಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು.

ಆದರೆ ಸ್ಟೂಲ್ ತಂದಿಟ್ಟರೆ ಮುಗಿಯುವುದಿಲ್ಲ. ನಾನಿದ್ದ ಕಡೆ ಸ್ಟೂಲ್ ಬಂದ ಮೇಲೂ ಎಷ್ಟೋ ದಿನ ಯಾರೂ ಕೂರಲಿಲ್ಲ. ಸೀರೆ ಸೆಕ್ಷನ್‌ನ ಕೌಂಟರ್ ಕೆಳಗೆ ಅದರ ಮೇಲೆ ಪೆಟ್ಟಿಗೆ ಪೇರಿಸಿಟ್ಟಿದ್ದರು. ಧಣಿ ನೋಡಿದರೆ ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ. ಒಂದು ಮಧ್ಯಾಹ್ನ ಧಣಿಯೇ ಬಂದು ಪೆಟ್ಟಿಗೆ ಇಳಿಸಿದರು. ಸ್ಟೂಲನ್ನು ಹೊರಗೆಳೆದು ನಮ್ಮಲ್ಲಿ ಎಲ್ಲರಿಗಿಂತ ಹಿರಿಯವರಾದ ಅಕ್ಕನ ಮುಂದಿಟ್ಟು, "ಕೂತುಕೊಳ್ಳಿ, ಗಿರಾಕಿ ಬಂದಾಗ ಎದ್ದರಾಯಿತು" ಅಂದರು. ಆ ಅಕ್ಕ ಸೆರಗಲ್ಲಿ ಮುಖ ಒರೆಸಿಕೊಂಡು ಕೂತರು. ಮರುದಿನದಿಂದ ಎಲ್ಲರೂ ಕೂತೆವು. ಅಂಥ ಧಣಿಯನ್ನು ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, ನಿಜವಾಗಿ ಹೇಳುತ್ತೇನೆ.

ಇನ್ನೊಂದು, ಓಣಕ್ಕೋಡಿ, ಅಂದರೆ ಓಣಂಗೆ ಕೊಡುವ ಹೊಸ ಬಟ್ಟೆ. ಎಲ್ಲರಿಗೂ ಒಂದೇ ಬಣ್ಣದ, ಮಾರಾಟವಾಗದೆ ಉಳಿದ ಸೀರೆ ಹಂಚಬೇಡಿ. ಆ ಸ್ಟಾಕ್ ಮಡಚಿಟ್ಟವರೇ ನಾವಲ್ವಾ, ನಮಗೆ ಗೊತ್ತಾಗುತ್ತದೆ. ಇಷ್ಟು ರೂಪಾಯಿಯ ಒಳಗೆ ಬೇಕಾದ್ದು ಆರಿಸಿಕೊಳ್ಳಿ ಅನ್ನಿ. ವರ್ಷವಿಡೀ ಬೇರೆಯವರಿಗೆ ಸೀರೆ ಬಿಡಿಸಿ ತೋರಿಸುವವಳಿಗೆ ಆ ದಿನ ತನಗಾಗಿ ಒಂದು ಬಿಡಿಸಿ ನೋಡುವ ಖುಷಿಯೇ ಬೇರೆ.

ಬದಿಯಡ್ಕದಿಂದ, ಅಡಿಕೆ ವ್ಯಾಪಾರ:

ನನ್ನ ಮಟ್ಟಿಗೆ ಅತಿ ದೊಡ್ಡ ಮೆಚ್ಚುಗೆ ಅಂದರೆ ಬೇಕಾದ ದಿನ ಸಿಗುವ ರಜೆ. ಸುಮ್ನೆ ಯಾವುದೋ ದಿನದ ರಜೆಯಲ್ಲ.

ನಮ್ಮ ಊರು ನಿಮಗೆ ಗೊತ್ತೇ ಉಂಟು. ಅಕ್ಟೋಬರ್ ಕೊನೆಗೆ ತುಲಾ ತಿಂಗಳ ಹತ್ತನೇ ದಿನ, ಅಂದರೆ ಪತ್ತಾಮುದಯ, ಕಳೆದರೆ ಮಲಯಾಳದವರ ದೈವಾರಾಧನೆಯಾದ ತೆಯ್ಯಂ ಕಾಲ ಶುರು. ನಮ್ಮ ತುಳುವರಿಗೆ ಮೇ ಕೊನೆಯ ಪತ್ತನಾಜೆವರೆಗೆ ದೈವದ ನೇಮ, ಯಕ್ಷಗಾನ ಆಟ. ಒಬ್ಬನ ಮೂಲಮನೆ ತರವಾಡಿನಲ್ಲಿ ತೆಯ್ಯಂ ಕಳಿಯಾಟ, ಇನ್ನೊಬ್ಬನ ಮನೆದೈವದ ಕೋಲ, ಮತ್ತೊಬ್ಬನ ಊರಿನ ಉರೂಸ್, ಬೇಳ ಕಡೆಯವರಿಗೆ ಇಗರ್ಜಿಯ ಹಬ್ಬ. ಅದೇ ಸಮಯದಲ್ಲಿ ನಮ್ಮಲ್ಲಿ ಅಡಿಕೆಯ ಗಡಿಬಿಡಿ. ಹಾಗಾಗಿ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ಮಳೆಗಾಲದಲ್ಲೇ ಒಬ್ಬೊಬ್ಬರನ್ನು ಕೂರಿಸಿ ಕೇಳುತ್ತೇನೆ: ಈ ವರ್ಷ ನಿನಗೆ ತಪ್ಪಿಸಲೇಬಾರದ ದಿನ ಯಾವುದು? ಬರೆದ ಮೇಲೆ ಆ ದಿನ ಲೋಡ್ ಬರಲಿ, ರೇಟ್ ಏರಲಿ, ಅವನನ್ನು ಕರೆಯುವುದಿಲ್ಲ. ಅದಕ್ಕೆ ಸಂಬಳವೂ ಕಡಿತ ಇಲ್ಲ.

ಬಿಹಾರದ ಹುಡುಗರೂ ಇದ್ದಾರೆ. ಅವರಿಗೆ ದೀಪಾವಳಿಗಿಂತ ಅದಾಗಿ ಆರನೇ ದಿನ ಬರುವ ಛಟ್ ಪೂಜೆ ಮುಖ್ಯ. ರೈಲು ಟಿಕೆಟ್ ಈಗ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಆ ಸಮಯದಲ್ಲಿ ನೋಡನೋಡುತ್ತಲೇ ಖಾಲಿ. ಹಬ್ಬಕ್ಕೆ ಒಂದು ವಾರ ಇರುವಾಗ ರಜೆ ಹೇಳಿದರೆ ಏನು ಪ್ರಯೋಜನ? ಜನರಲ್ ಬೋಗಿಯಲ್ಲಿ ನಿಂತು ಹೋಗಬೇಕಷ್ಟೆ. ಎರಡು ತಿಂಗಳು ಮೊದಲೇ ರಜೆ ಖಚಿತ ಮಾಡಿ, ಟಿಕೆಟ್ ನಮ್ಮ ಫೋನಿನಲ್ಲೇ ಮಾಡಿಕೊಡುತ್ತೇವೆ. ಹೋದವರು ಹೇಳಿದ ದಿನಕ್ಕೆ ವಾಪಸ್ ಬರುತ್ತಾರೆ.

ಮಂಜೇಶ್ವರದಿಂದ, ಲೆಕ್ಕಪತ್ರ ನೋಡುವವನು:

ಚಿಕ್ಕ ಮಾತು. ಬೋನಸ್ಸನ್ನು ಮೆಚ್ಚುಗೆಯ ಲೆಕ್ಕಕ್ಕೆ ಹಾಕಬೇಡಿ. ಕಾನೂನು ಅನ್ವಯಿಸುವ ಕಡೆ ಕನಿಷ್ಠ 8.33 ಶೇಕಡ, ಗರಿಷ್ಠ 20 ಶೇಕಡ ಬೋನಸ್ ನೌಕರರ ಹಕ್ಕು. ಹಕ್ಕಿನ ಹಣವನ್ನು ಭಾಷಣ ಮಾಡಿ, ಫೋಟೋ ತೆಗೆದು ಕೊಟ್ಟರೆ ಅವರಿಗೆ ನೋವಾಗುತ್ತದೆ. ಲೆಕ್ಕದ ಚೀಟಿ ಜೊತೆ ನೆಟ್ಟಗೆ ಕೊಟ್ಟುಬಿಡಿ. ಮೆಚ್ಚುಗೆ ಬೇರೆ ದಿನ, ಬೇರೆ ಕಾರಣಕ್ಕೆ ಇರಲಿ.

ಮುಳ್ಳೇರಿಯದಿಂದ, ನರ್ಸ್:

"ಒಳ್ಳೆ ಕೆಲಸ ಮಾಡ್ತೀರಿ" ಅನ್ನುವುದು ಕೇಳಲು ಚೆಂದ, ಆದರೆ ಮನಸ್ಸಲ್ಲಿ ನಿಲ್ಲುವುದಿಲ್ಲ. ಏನು ಮಾಡಿದೆವು ಅಂತ ಹೆಸರಿಟ್ಟು ಹೇಳಬೇಕು.

ನಾನು ಮೊದಲು ಒಂದು ಸಣ್ಣ ಕ್ಲಿನಿಕ್‌ನಲ್ಲಿದ್ದೆ. ಜುಲೈ ಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ನಾವಿಬ್ಬರು ಟಾರ್ಚ್ ಹಿಡಿದು ಎಲ್ಲವನ್ನೂ ಐಸ್ ಪ್ಯಾಕ್ ಇರುವ ಪೆಟ್ಟಿಗೆಗೆ ಬದಲಾಯಿಸಿ, ಆಗಾಗ ಥರ್ಮಾಮೀಟರ್ ನೋಡಿ ಬರೆದಿಟ್ಟೆವು. ಡಾಕ್ಟರು ಬೆಳಿಗ್ಗೆ ಆ ಹಾಳೆ ಓದಿದರು. ಲೆಟರ್‌ಹೆಡ್ ತೆಗೆದು ರಾತ್ರಿ ನಡೆದದ್ದನ್ನೆಲ್ಲ ನಾಲ್ಕು ಸಾಲಲ್ಲಿ ಬರೆದು, ಇಬ್ಬರ ಹೆಸರು ಹಾಕಿ, ಸಹಿ ಮಾಡಿ, ಆಗಲೇ ಕೈಯಲ್ಲಿ ಕೊಟ್ಟರು. ವರ್ಷದ ಕೊನೆಗೆ ಅಂತ ಕಾಯಲಿಲ್ಲ. ಮಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋದಾಗ ಸರ್ಟಿಫಿಕೇಟ್‌ಗಳ ಮೇಲೆ ಅದನ್ನೇ ಇಟ್ಟೆ. ಅವರು ಅದರ ಬಗ್ಗೆಯೇ ಜಾಸ್ತಿ ಕೇಳಿದರು.

ನೌಕರರು ಬೇರೆ ಕಡೆ ಹೋಗಿಯಾರು ಅಂತ ಹೆದರಿ ಇಂಥ ಕಾಗದ ಕೊಡದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಅವರ ದುಡಿಮೆ, ಅವರ ಜೊತೆ ಹೋಗಬೇಕಾದದ್ದು.

ಹೊಸಂಗಡಿಯಿಂದ, ಬೇಕರಿ:

"ತಿಂಗಳ ಉತ್ತಮ ನೌಕರ" ಅಂತ ಫೋಟೋ ಹಾಕುವ ಯೋಚನೆ ಇದ್ದರೆ ಬಿಡಿ. ದೊಡ್ಡ ಕಂಪನಿಗೆ ಅದು ಸರಿಯೋ ಏನೋ. ಹತ್ತು ಜನರ ಜಾಗದಲ್ಲಿ ಒಬ್ಬರಿಗೆ ಖುಷಿ, ಒಂಬತ್ತು ಮಂದಿಗೆ ಬೇಸರ. ನಾವು ಹಾಕಿದಾಗ ತಿಂಗಳು ತಿಂಗಳೂ ಕೌಂಟರಿನವರೇ ಬಂದರು. ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ಕಲಸುವವನ ಹೆಸರು ಯಾರೂ ಹೇಳಲಿಲ್ಲ, ಯಾಕೆಂದರೆ ಗಿರಾಕಿಗಳು ಅವನನ್ನು ನೋಡಿಯೇ ಇಲ್ಲ.

ಈಗ ಯಾರಾದರೂ ಬನ್ ಚೆನ್ನಾಗಿದೆ ಅಂದರೆ ನಾನು ಅವನನ್ನೇ ಹೊರಗೆ ಕರೆಯುತ್ತೇನೆ. "ಇವರು ಮಾಡಿದ್ದು, ಇವರಿಗೇ ಹೇಳಿ" ಅನ್ನುತ್ತೇನೆ. ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುತ್ತಾನೆ, ನಾಚಿಕೆ ಜಾಸ್ತಿ. ಆದರೆ ಏಲಕ್ಕಿ ಬನ್ ಮಾಡಿ ನೋಡೋಣ ಅಂತ ತಾನಾಗಿ ಹೇಳಿದ್ದು ಹಾಗೆ ಹೊರಗೆ ಬರಲು ಶುರುಮಾಡಿದ ಮೇಲೆಯೇ. ನಿಮ್ಮ ಅಂಗಡಿಯಲ್ಲಿ ಹಿಂದೆ ಕೂತು ಫಾಲ್ ಹಚ್ಚುವವರು, ಬ್ಲೌಸ್ ಹೊಲಿಯುವವರು ಇರಬಹುದಲ್ವಾ? ಮೊದಲು ಅವರನ್ನು ಗಿರಾಕಿಗಳಿಗೆ ಪರಿಚಯ ಮಾಡಿಕೊಡಿ.